ಮಕ್ಕಳಿಗೆ ಹಣದ ಸಂಸ್ಕಾರ

ಧರ್ಮ, ಅರ್ಥ, ಕಾಮ, ಮೋಕ್ಷಗಳೆಂದು ಪುರುಷಾರ್ಥಗಳನ್ನು ಎಣಿಸಿದ ನಮ್ಮ ಪ್ರಾಚೀನರು ಅರ್ಥವನ್ನು ಧರ್ಮದ ಮಗ್ಗುಲಲ್ಲಿಯೇ ಇರಿಸಿದರು. ಅರ್ಥವು ಧರ್ಮದ ಕಣ್ಣೆದುರಿನಲ್ಲಿ ನಡೆಯಬೇಕೆಂಬುದು ಅವರ ಆಶಯವಾಗಿತ್ತು. ಆದರೆ ಇಂದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಧರ್ಮದ ನಾಲ್ಕು ಮಾತುಗಳನ್ನು ಹೇಳಿಕೊಡುವ ತಂದೆತಾಯಿಗಳು ಅರ್ಥದ ವಿಷಯ ಬಂದೊಡನೆ ಮೌನ ವಹಿಸುತ್ತಾರೆ. ‘ಹಣದ ಮಾತು ನಿನಗ್ಯಾಕೆ? ಹೋಗಿ ಓದಿಕೊ’ ಎಂದು ಗದರಿಸಿ ಕಳುಹಿಸುತ್ತಾರೆ. ಹೀಗೆ ಬೆಳೆದ ಮಗುವು ಮುಂದೆ ಪದವಿ ಪಡೆದು, ನೌಕರಿ ಹಿಡಿದು, ಮೊದಲ ತಿಂಗಳ ಸಂಬಳವನ್ನು ಕಂಡಾಗ, ಅದನ್ನು ಬಳಸುವ ಬಗೆಯನ್ನು ಒಂದಕ್ಷರವೂ ಕಲಿತಿರುವುದಿಲ್ಲ. ಮನೆಯವರು ಕಲಿಸದೆ ಬಿಟ್ಟ ಆ ಪಾಠವನ್ನು ಕಲಿಸಲು ಜಾಹೀರಾತಿನವರೂ ಸಾಲ ಕೊಡುವವರೂ ಕಾದುಕೊಂಡಿರುತ್ತಾರೆ.

ಜಾತ್ರೆಯೊಂದರಲ್ಲಿ ನಾವು ಕಂಡ ಚಿಕ್ಕ ಪ್ರಸಂಗವನ್ನು ಇಲ್ಲಿ ಹೇಳಬೇಕು. ತೇರಿನ ಮರುದಿನ ಭಕ್ತರೊಬ್ಬರು ಆರು ವರ್ಷದ ಮಗನನ್ನು ಕರೆದುಕೊಂಡು ದರ್ಶನಕ್ಕೆ ಬಂದಿದ್ದರು. ಹುಡುಗನು ಆಟಿಕೆಯ ಅಂಗಡಿಯತ್ತ ಕೈ ತೋರಿಸಿ ಹಟ ಹಿಡಿದನು. ತಂದೆಯು ‘ದುಡ್ಡು ಮುಗೀತಪ್ಪಾ’ ಎಂದರು. ಹುಡುಗನು ತಂದೆಯ ಅಂಗಿಯ ಜೇಬಿನಿಂದ ಫೋನನ್ನು ಎಳೆದು, ‘ದುಡ್ಡು ಯಾಕಪ್ಪಾ? ಇದನ್ನ ತೋರಿಸು, ಕೊಡ್ತಾರೆ’ ಎಂದನು. ಅಲ್ಲಿದ್ದವರೆಲ್ಲ ನಕ್ಕರು, ನಾವೂ ನಕ್ಕೆವು. ಆದರೆ ರಾತ್ರಿ ಆ ಮಾತನ್ನು ಮತ್ತೆ ನೆನೆದಾಗ ನಗು ಬರಲಿಲ್ಲ. ಆ ಮಗು ತಾನು ದಿನವೂ ಕಂಡದ್ದನ್ನೇ ಹೇಳಿತ್ತು. ಅಂಗಡಿಯ ಮುಂದೆ ಫೋನನ್ನು ಹಿಡಿದರೆ ಸಾಮಾನು ಬರುತ್ತದೆ. ಕೊಟ್ಟದ್ದು ಏನೆಂಬುದಾಗಲಿ, ಕೊಟ್ಟ ಮೇಲೆ ಉಳಿದದ್ದು ಎಷ್ಟೆಂಬುದಾಗಲಿ ಅದರ ಕಣ್ಣಿಗೆ ಬಿದ್ದೇ ಇಲ್ಲ.

ಫೋನಿನ ಮೂಲಕ ಹಣ ಸಂದಾಯ ಮಾಡುವ ಯುಪಿಐ ವ್ಯವಸ್ಥೆ ನಮ್ಮ ದೇಶದಲ್ಲಿ ಆರಂಭವಾದದ್ದು 2016ರಲ್ಲಿ. ಅದೇ ವರ್ಷ ನವೆಂಬರ್ 8ರಂದು ಹಳೆಯ 500 ಮತ್ತು 1000 ರೂಪಾಯಿ ನೋಟುಗಳ ರದ್ದತಿಯ ಘೋಷಣೆ ಆಯಿತು. ಅಲ್ಲಿಂದೀಚೆಗೆ ಈ ಪದ್ಧತಿ ಎಷ್ಟು ಹಬ್ಬಿತೆಂದರೆ, ಸಂತೆಯಲ್ಲಿ ಗೋಣಿತಾಟು ಹಾಸಿ ಸೊಪ್ಪು ಮಾರುವ ಅಜ್ಜಿಯ ಬುಟ್ಟಿಯ ಪಕ್ಕದಲ್ಲಿಯೂ ಇಂದು ಕಪ್ಪು-ಬಿಳಿ ಚೌಕಗಳ ಚೀಟಿಯೊಂದು ನಿಂತಿರುತ್ತದೆ. ಇದರ ಅನುಕೂಲಗಳನ್ನು ನಾವು ಅಲ್ಲಗಳೆಯುವುದಿಲ್ಲ. ಚಿಲ್ಲರೆಯ ತಕರಾರು ಇಲ್ಲ, ಕಳ್ಳರ ಭಯ ಕಡಿಮೆ, ಕೊಟ್ಟದ್ದಕ್ಕೆ ದಾಖಲೆಯೂ ಇರುತ್ತದೆ. ಆದರೆ ಹಿಂದಿನ ಮಕ್ಕಳು ತಾಯಿಯ ಸೆರಗಿನ ಗಂಟು ಬಿಚ್ಚಿದ್ದನ್ನೂ, ನೋಟು ಹೋಗಿ ನಾಣ್ಯಗಳು ಬಂದದ್ದನ್ನೂ, ತಿಂಗಳ ಕೊನೆಗೆ ಗಂಟು ಸಡಿಲವಾದದ್ದನ್ನೂ ಕಣ್ಣಾರೆ ನೋಡಿ, ಯಾರೂ ಹೇಳಿಕೊಡದೆಯೇ ಒಂದು ಪಾಠವನ್ನು ಕಲಿಯುತ್ತಿದ್ದರು. ಆ ಪಾಠ ಈಗ ತಾನಾಗಿ ಆಗುವುದಿಲ್ಲ. ಹಿರಿಯರು ಮನಸ್ಸಿಟ್ಟು ಮಾಡಿಸಬೇಕು.

ಇಲ್ಲಿ ಒಂದು ಆಕ್ಷೇಪವುಂಟು. ಎಳೆಯ ಮನಸ್ಸಿಗೆ ಹಣದ ವಿಚಾರ ತುಂಬಿದರೆ ಲೋಭವನ್ನು ಬಿತ್ತಿದಂತೆ ಆಗುವುದಿಲ್ಲವೆ? ವೈರಾಗ್ಯವನ್ನು ಬೋಧಿಸಬೇಕಾದ ಮಠದ ಪತ್ರಿಕೆಯಲ್ಲಿ ಕೊಡು-ಕೊಳ್ಳುವಿಕೆಯ ಮಾತೇಕೆ? ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅದಕ್ಕೆ ಉತ್ತರವಾಗಿ ನಮ್ಮದೇ ಬಾಲ್ಯದ ಒಂದು ತಪ್ಪನ್ನು ಓದುಗರ ಮುಂದೆ ಇಡುತ್ತೇವೆ.

1980ರ ಸುಮಾರಿನ ಮಾತು. ಆಗ ನಮಗೆ ಹನ್ನೊಂದು ವರ್ಷ. ಮಠವೊಂದರ ಉಚಿತ ಪ್ರಸಾದನಿಲಯದಲ್ಲಿ ಓದುತ್ತಿದ್ದೆವು. ಉಗ್ರಾಣವನ್ನು ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ವಾರದ ಸಂತೆಯ ದಿನ ಹುಡುಗರನ್ನು ಸರದಿಯಂತೆ ಸಣ್ಣಪುಟ್ಟ ಸಾಮಾನಿಗೆ ಕಳುಹಿಸುತ್ತಿದ್ದರು. ನಮ್ಮ ಸರದಿ ಬಂದಾಗ ಐದು ರೂಪಾಯಿಯ ನೋಟು ಕೊಟ್ಟು, ಹಸಿಮೆಣಸಿನಕಾಯಿ, ಕೊತ್ತಂಬರಿ, ಶುಂಠಿ ತರಲು ಹೇಳಿದರು. ಎಲ್ಲವನ್ನೂ ಕೊಂಡ ಮೇಲೆ ಹನ್ನೆರಡಾಣೆ ಉಳಿಯಿತು. ಅದರಲ್ಲಿ ನಾಲ್ಕಾಣೆಗೆ ಬೆಂಡು-ಬತ್ತಾಸು ಕೊಂಡು ತಿಂದು, ಎಂಟಾಣೆಯನ್ನು ತಂದೊಪ್ಪಿಸಿ, ಮೆಣಸಿನಕಾಯಿಯ ಬೆಲೆ ಏರಿದೆಯೆಂದು ಸುಳ್ಳು ಹೇಳಿದೆವು. ಹಿರಿಯರು ಒಂದು ಮಾತನ್ನೂ ಆಡಲಿಲ್ಲ. ನಾವು ಹೇಳಿದ ಬೆಲೆಯನ್ನೇ ನಮ್ಮೆದುರಿಗೆ ಲೆಕ್ಕದ ಪುಸ್ತಕದಲ್ಲಿ ದುಂಡಗಿನ ಅಕ್ಷರಗಳಲ್ಲಿ ಬರೆದರು. ನಾವು ಗೆದ್ದೆವೆಂದುಕೊಂಡೆವು.

ಎರಡು ದಿನಗಳ ಮೇಲೆ ಅವರು, ಕಣ್ಣು ಮಸುಕಾಗಿದೆಯೆಂದು ಹೇಳಿ, ಅದೇ ಪುಸ್ತಕದ ಜಮೆಯ ಬದಿಯನ್ನು ಓದಿ ಹೇಳುವಂತೆ ನಮ್ಮನ್ನು ಕೂರಿಸಿದರು. ಒಬ್ಬ ರೈತನಿಂದ ಎರಡು ಸೇರು ಜೋಳ. ಒಬ್ಬ ನೇಕಾರನಿಂದ ಒಂದು ರೂಪಾಯಿ. ಕೂಲಿ ಮಾಡುವ ತಾಯಿಯೊಬ್ಬಳಿಂದ 25 ಪೈಸೆ. ಆ ಸಾಲಿಗೆ ಬಂದಾಗ ನಮ್ಮ ಗಂಟಲು ಕಟ್ಟಿತು. ಆ ತಾಯಿಯನ್ನು ನಾವು ಬಲ್ಲೆವು. ಬಿಸಿಲಲ್ಲಿ ಕಳೆ ಕೀಳುವ ಕೆಲಸ ಅವಳದು. ನಾವು ತಿಂದದ್ದು ಬತ್ತಾಸಲ್ಲ, ಅವಳ ಬೆವರು ಎಂಬುದು ಆ ಕ್ಷಣದಲ್ಲಿ ಹೊಳೆಯಿತು. ಅಳುತ್ತ ನಿಜವನ್ನು ಹೇಳಿದೆವು. ಹಿರಿಯರು ಹೊಡೆಯಲಿಲ್ಲ, ಬೇರೆಯವರಿಗೆ ಹೇಳಲೂ ಇಲ್ಲ. ಹಿಂದೆ ಬರೆದ ಸಾಲನ್ನು ಅವರು ಅಳಿಸಲಿಲ್ಲ. ಅದರ ಕೆಳಗೆ ಇನ್ನೊಂದು ಸಾಲಿನಲ್ಲಿ ಸರಿಯಾದ ಬೆಲೆಯನ್ನೂ, ನಾಲ್ಕಾಣೆ ಬರಬೇಕೆಂಬುದನ್ನೂ ನಮ್ಮ ಕೈಯಿಂದಲೇ ಬರೆಯಿಸಿದರು. ಊರಿಗೆ ಹೋದಾಗ ಅಜ್ಜಿ ಕೊಟ್ಟ ಹಣದಿಂದ ಅದನ್ನು ತೀರಿಸಿದೆವು. ಆದರೆ ನಮ್ಮನ್ನು ಹೆಚ್ಚು ಬದಲಿಸಿದ್ದು ಮುಂದಿನ ವಾರ ನಡೆದ ಸಂಗತಿ. ಸರದಿ ಬೇರೊಬ್ಬನದಾಗಿದ್ದರೂ ಅವರು ಮತ್ತೆ ನಮ್ಮನ್ನೇ ಕರೆದು, ಮತ್ತೆ ಐದು ರೂಪಾಯಿ ಕೊಟ್ಟು, ಸಂತೆಗೆ ಕಳುಹಿಸಿದರು.

ಆ ನಾಲ್ಕಾಣೆಯ ನಾಣ್ಯ 2011ರ ಜೂನ್ 30ರಂದು ಚಲಾವಣೆಯನ್ನು ಕಳೆದುಕೊಂಡಿತು. ಅದು ಕಲಿಸಿದ ಪಾಠ ನಮ್ಮಲ್ಲಿ ಇಂದಿಗೂ ಚಲಾವಣೆಯಲ್ಲಿದೆ. ಹಣವೆಂದರೆ ಯಾರದೋ ದುಡಿಮೆ. ಲೆಕ್ಕವೆಂದರೆ ಆ ದುಡಿಮೆಗೆ ತೋರುವ ಗೌರವ. ಹಣವನ್ನು ಹೀಗೆ ಕಾಣಲು ಕಲಿತ ಮಗು ಲೋಭಿಯಾಗುವುದಿಲ್ಲ. ಹಣ ಎಲ್ಲಿಂದ ಬರುತ್ತದೆಂದು ಅರಿಯದ ಮಗುವೇ ಎಷ್ಟು ಕೊಟ್ಟರೂ ಸಾಲದೆನ್ನುತ್ತದೆ. ಮುಗ್ಧತೆ ಬೇರೆ, ಅಜ್ಞಾನ ಬೇರೆ.

ಲೆಕ್ಕವಿಡುವುದು ಜಿಪುಣರ ಕೆಲಸವೆಂಬ ಭಾವನೆಯೂ ನಮ್ಮಲ್ಲಿದೆ. ದಾಸೋಹಕ್ಕೆ ಹೆಸರಾದ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರೆಂಬುದನ್ನು ನಾವು ಮರೆಯಬಾರದು. ಅವರು ರಾಜನ ಭಂಡಾರವನ್ನು ಜಂಗಮರಿಗೆ ವ್ಯಯ ಮಾಡುತ್ತಿದ್ದಾರೆಂದು ಚಾಡಿಕೋರರು ದೂರಿದಾಗ, ಭಂಡಾರವನ್ನು ಎಣಿಸಿ ನೋಡಲಾಗಿ ಎಲ್ಲವೂ ಸರಿಯಾಗಿತ್ತೆಂದು ಪುರಾಣಗಳು ಹೇಳುತ್ತವೆ. ಅತ್ಯಂತ ಉದಾರಿಯಾದವನೇ ಅತ್ಯಂತ ಶುದ್ಧವಾದ ಲೆಕ್ಕವನ್ನು ಒಪ್ಪಿಸಬಲ್ಲವನಾಗಿದ್ದನು. ಮಹಾತ್ಮ ಗಾಂಧೀಜಿಯವರೂ ಲಂಡನ್ನಿನ ವಿದ್ಯಾರ್ಥಿಜೀವನದಲ್ಲಿ ಚಿಕ್ಕಾಸಿನ ಖರ್ಚನ್ನೂ ಬರೆದಿಡುತ್ತಿದ್ದರೆಂದು, ಮುಂದೆ ಸಾರ್ವಜನಿಕ ಹಣವನ್ನು ನಿರ್ವಹಿಸುವಾಗ ಆ ಅಭ್ಯಾಸವೇ ನೆರವಾಯಿತೆಂದು ತಮ್ಮ ಆತ್ಮಕಥೆಯಲ್ಲಿ ತಿಳಿಸಿದ್ದಾರೆ.

ಹಾಗಾದರೆ ಈ ಸಂಸ್ಕಾರವನ್ನು ಕೊಡುವುದು ಎಲ್ಲಿ? ಉಪನ್ಯಾಸದಿಂದ ಇದು ಬರುವುದಿಲ್ಲ. ದಿನದ ಅಂಗಡಿ, ವಾರದ ಸಂತೆ, ತಿಂಗಳ ಕಿರಾಣಿ, ಇವೇ ಇದರ ಪಾಠಶಾಲೆಗಳು. ಆರೇಳು ವರ್ಷದ ಮಗುವಿಗೆ ನಾಣ್ಯಗಳನ್ನು ಕೊಟ್ಟು, ಜೊತೆಯಲ್ಲಿ ನಿಂತು, ಒಂದೇ ಒಂದು ವಸ್ತುವನ್ನು ಕೊಳ್ಳಲು ಬಿಡಬೇಕು. ಉಳಿದ ಚಿಲ್ಲರೆಯನ್ನು ಎಣಿಸಿ ಒಪ್ಪಿಸುವುದು ಅದರ ಕೆಲಸ. ಒಂಬತ್ತು ಹತ್ತು ವರ್ಷಕ್ಕೆ ಸಾಮಾನಿನ ಚೀಟಿಯನ್ನೂ ನಿಗದಿಯಾದ ಹಣವನ್ನೂ ಕೊಡಬೇಕು. ಹಣವು ಚೀಟಿಗೆ ತುಸು ಕಡಿಮೆಯಿದ್ದರೆ ಇನ್ನೂ ಒಳ್ಳೆಯದು. ಯಾವುದು ಬೇಕೇ ಬೇಕು, ಯಾವುದು ಮುಂದಿನ ವಾರಕ್ಕೆ ನಿಲ್ಲಬಲ್ಲುದು ಎಂಬ ವಿವೇಕಕ್ಕೆ ಆಗ ಕೆಲಸ ಬರುತ್ತದೆ. ಹನ್ನೆರಡು ದಾಟಿದವರಿಗೆ ಒಂದು ವಾರದ ತರಕಾರಿಯ ಹೊಣೆಯನ್ನೇ ವಹಿಸಬಹುದು. ಪ್ರೌಢಶಾಲೆಯ ಮಕ್ಕಳನ್ನು ತಿಂಗಳ ಮೊದಲ ವಾರ ಜೊತೆಯಲ್ಲಿ ಕೂರಿಸಿಕೊಂಡು, ಬಾಡಿಗೆ, ವಿದ್ಯುತ್ತು, ಹಾಲು, ಔಷಧಿ, ಸಾಲದ ಕಂತುಗಳಿಗೆ ಎಷ್ಟು ಹೋಗುತ್ತದೆಂಬುದನ್ನು ಮುಚ್ಚುಮರೆಯಿಲ್ಲದೆ ತೋರಿಸಬೇಕು. ತಂದೆಯ ಸಂಬಳವನ್ನು ಮಕ್ಕಳಿಂದ ಮರೆಮಾಚುವ ಮನೆಯಲ್ಲಿ, ಮುಂದೆ ಮಕ್ಕಳು ತಮ್ಮ ಸಾಲವನ್ನು ತಂದೆಯಿಂದ ಮರೆಮಾಚುತ್ತಾರೆ.

ಅಂಗಡಿಯಲ್ಲಿ ಕಲಿಯಬೇಕಾದ ಗಣಿತವೂ ಸಾಕಷ್ಟಿದೆ. ಪೊಟ್ಟಣದ ಮೇಲೆ ಅಚ್ಚಾಗಿರುವ ಗರಿಷ್ಠ ಮಾರಾಟ ಬೆಲೆಯು ಎಲ್ಲ ತೆರಿಗೆಗಳನ್ನೂ ಒಳಗೊಂಡದ್ದು. ಅದಕ್ಕಿಂತ ಹೆಚ್ಚು ಕೇಳುವುದು ಕಾನೂನಿಗೆ ವಿರುದ್ಧ, ಕಡಿಮೆಗೆ ಮಾರಲು ಅಡ್ಡಿಯಿಲ್ಲ. ಈ ಒಂದು ಸಂಗತಿಯನ್ನು ತಿಳಿದ ಮಗು ಬೆಲೆಯ ಜೊತೆಗೆ ನಿವ್ವಳ ತೂಕವನ್ನೂ ತಯಾರಾದ ದಿನಾಂಕವನ್ನೂ ಓದತೊಡಗುತ್ತದೆ. ಒಂದು ಉದಾಹರಣೆಯನ್ನು ನೋಡೋಣ. ಒಂದೇ ವಸ್ತುವಿನ 200 ಗ್ರಾಮಿನ ಪೊಟ್ಟಣಕ್ಕೆ 36 ರೂಪಾಯಿ, 500 ಗ್ರಾಮಿನದಕ್ಕೆ 95 ರೂಪಾಯಿ ಎಂದಿಟ್ಟುಕೊಳ್ಳಿ. ದೊಡ್ಡದೇ ಅಗ್ಗವೆಂದು ಮನಸ್ಸು ಹೇಳುತ್ತದೆ. ಲೆಕ್ಕ ಹಾಕಿದರೆ ಚಿಕ್ಕದರಲ್ಲಿ 100 ಗ್ರಾಮಿಗೆ 18 ರೂಪಾಯಿ, ದೊಡ್ಡದರಲ್ಲಿ 19 ರೂಪಾಯಿ. ಇನ್ನೊಂದು ವಸ್ತುವಿನಲ್ಲಿ ಇದಕ್ಕೆ ವಿರುದ್ಧವಾಗಿರಬಹುದು. ಕಣ್ಣನ್ನು ನಂಬದೆ ಎಣಿಸಿ ನೋಡುವುದೇ ಇಲ್ಲಿ ಕಲಿಯಬೇಕಾದ ವಿದ್ಯೆ. ಎರಡು ಕೊಂಡರೆ ಒಂದು ಉಚಿತವೆಂಬ ಫಲಕದ ಮುಂದೆ ನಿಂತಾಗ ಮಗುವನ್ನು ಕೇಳಬೇಕಾದ ಪ್ರಶ್ನೆಯೂ ಒಂದೇ: ‘ನಮಗೆ ಬೇಕಾದದ್ದು ಎಷ್ಟು?’

ಈ ‘ಎಷ್ಟು’ ಎಂಬುದರಲ್ಲಿಯೇ ನೀತಿಯ ತಿರುಳು ಅಡಗಿದೆ. ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ‘ಪಾಲಿಟಿಕ್ಸ್’ ಎಂಬ ತನ್ನ ಗ್ರಂಥದಲ್ಲಿ ಮನೆತನದ ನಿರ್ವಹಣೆಗೂ ಧನಕ್ಕಾಗಿಯೇ ಧನವನ್ನು ಗಳಿಸುವುದಕ್ಕೂ ಇರುವ ಅಂತರವನ್ನು ವಿವೇಚಿಸಿದ್ದಾನೆ. ಮೊದಲನೆಯದಕ್ಕೆ ಅಗತ್ಯವೆಂಬ ಎಲ್ಲೆಯುಂಟು. ಎರಡನೆಯದಕ್ಕೆ ಎಲ್ಲೆಯೇ ಇಲ್ಲ. ಗ್ರಂಥಗಳಲ್ಲಿ ನಾವು ಓದಿದ ಈ ವಿವೇಚನೆಯನ್ನು ಆಯ್ದಕ್ಕಿ ಲಕ್ಕಮ್ಮನವರು ತಮ್ಮ ಅಡುಗೆಮನೆಯಲ್ಲಿಯೇ ಬಾಳಿ ತೋರಿಸಿದರು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಹಿಂದಿರುಗಿಸಿ ಬನ್ನಿರೆಂದ ಗೃಹಿಣಿ ಆಕೆ. ಅವರದು ಬಡತನದ ಮನೆ. ಆದರೂ ಇಷ್ಟು ಸಾಕೆಂದು ಹೇಳುವ ಬಲ ಆ ಮನೆಗಿತ್ತು. ಸಂತೆಯ ಚೀಟಿಯನ್ನು ಮನೆಯಲ್ಲಿಯೇ ಬರೆದುಕೊಂಡು ಹೋಗಿ, ಅದರಲ್ಲಿ ಇಲ್ಲದ್ದನ್ನು ಕೊಳ್ಳದೆ ಬರುವ ಮಗು ಆ ಬಲದ ಮೊದಲ ಅಕ್ಷರವನ್ನು ತಿದ್ದುತ್ತಿರುತ್ತದೆ.

ಚೌಕಾಸಿಯ ವಿಷಯದಲ್ಲಿ ತಂದೆತಾಯಿಗಳು ವಿಶೇಷವಾಗಿ ಎಚ್ಚರ ವಹಿಸಬೇಕು. ಮಗುವನ್ನು ಸಂತೆಗೆ ಕರೆದೊಯ್ದು, ಸೊಪ್ಪಿನ ಅಜ್ಜಿಯೊಡನೆ ಎರಡು ರೂಪಾಯಿಗಾಗಿ ಕಾಲು ಗಂಟೆ ಜಗ್ಗಾಡಿ, ಅದೇ ಸಂಜೆ ಪಟ್ಟಣದ ದೊಡ್ಡ ಮಳಿಗೆಯಲ್ಲಿ ಕೇಳಿದಷ್ಟನ್ನು ತುಟಿಪಿಟಕ್ಕೆನ್ನದೆ ಕೊಟ್ಟು ಬಂದರೆ, ಮಗು ಏನನ್ನು ಕಲಿಯುತ್ತದೆ? ಬಲಹೀನರ ಮುಂದೆ ಗಟ್ಟಿಯಾಗಿಯೂ ಬಲವುಳ್ಳವರ ಮುಂದೆ ಮೆತ್ತಗೂ ಇರಬೇಕೆಂಬುದನ್ನು ಕಲಿಯುತ್ತದೆ. ನಾಲ್ಕು ಕಡೆ ಬೆಲೆ ಕೇಳುವುದು, ತಕ್ಕಡಿಯ ಮುಳ್ಳನ್ನು ನೋಡುವುದು, ಕೊಳೆತದ್ದನ್ನು ಬೇಡವೆನ್ನುವುದು ಕೊಳ್ಳುವವನ ಹಕ್ಕು. ಮಾರುವವಳ ಹಸಿವನ್ನು ಅರಿತು ಬೆಲೆಯನ್ನು ಹಿಂಡುವುದು ಹಕ್ಕಲ್ಲ. ತೂಕ ಮುಗಿದ ಮೇಲೆ ಅವಳು ತಾನಾಗಿ ಹಾಕುವ ಒಂದು ಹಿಡಿ ಕೊಸರು ಪ್ರೀತಿಯ ಕೊಡುಗೆ. ಅದನ್ನು ಕಿತ್ತುಕೊಂಡರೆ ಅದು ಕೊಸರಾಗಿ ಉಳಿಯುವುದಿಲ್ಲ.

ನಮ್ಮ ರಾಜ್ಯದ ಅನೇಕ ಸರ್ಕಾರಿ ಶಾಲೆಗಳಲ್ಲಿ ‘ಮಕ್ಕಳ ಸಂತೆ’ ಎಂಬ ಚಟುವಟಿಕೆಯನ್ನು ನಡೆಸುವ ರೂಢಿಯಿದೆ. ಮಕ್ಕಳು ಮನೆಯಿಂದಲೋ ಹೊಲದಿಂದಲೋ ಸೊಪ್ಪು, ನಿಂಬೆಹಣ್ಣು, ಬಾಳೆಹಣ್ಣು, ಮಂಡಕ್ಕಿ ತಂದು, ಶಾಲೆಯ ಅಂಗಳದಲ್ಲಿ ಸಾಲಾಗಿ ಕುಳಿತು ಮಾರುತ್ತಾರೆ. ಅಂಥದೊಂದು ಸಂತೆಗೆ ನಾವು ಹೋಗಿದ್ದೆವು. ಮಧ್ಯಾಹ್ನದವರೆಗೂ ಬಿಸಿಲಲ್ಲಿ ಕುಳಿತಿದ್ದ ಒಬ್ಬ ಬಾಲಕಿ ಬಾಡುತ್ತಿದ್ದ ಸೊಪ್ಪಿಗೆ ನೀರು ಚಿಮುಕಿಸುತ್ತ, ‘ಬುದ್ಧಿ, ನಮ್ಮವ್ವ ದಿನಾ ಹಿಂಗೇ ಕೂತಿರ್ತಾಳೆ’ ಎಂದಳು. ತಕ್ಕಡಿಯ ಆಚೆಯ ಬದಿಯಲ್ಲಿ ಒಂದು ದಿನ ಕುಳಿತ ಮಗು ಈಚೆಯ ಬದಿಯಲ್ಲಿ ನಿಂತಾಗ ಇನ್ನೊಬ್ಬರನ್ನು ಹಿಂಡಲಾರದು. ಕೊಳ್ಳುವುದನ್ನು ಕಲಿಸುವ ಹಿರಿಯರು ಮಾರುವುದರ ಕಷ್ಟವನ್ನೂ ಒಮ್ಮೆ ಕಾಣಿಸಬೇಕು.

ಉದ್ರಿಯ ವಿಷಯವನ್ನೂ ಮಕ್ಕಳಿಂದ ಮರೆಮಾಚಬಾರದು. ಹಳ್ಳಿಗಳಲ್ಲಿ ಸಾಲ ಕೊಡುವವರು ‘ನೂರಕ್ಕೆ ಮೂರು’ ಎನ್ನುತ್ತಾರೆ. ಕೇಳಿದವರಿಗೆ ಮೂರು ರೂಪಾಯಿ ಅಲ್ಪವೆನಿಸುತ್ತದೆ. ಅದು ತಿಂಗಳಿಗೆ, ವರ್ಷಕ್ಕೆ ನೂರಕ್ಕೆ ಮೂವತ್ತಾರಾಯಿತೆಂದು ಏಳನೆಯ ತರಗತಿಯ ಮಗು ಲೆಕ್ಕ ಮಾಡಬಲ್ಲದು, ಅದನ್ನು ಮಾಡಿಸಬೇಕಷ್ಟೆ. ಇಂದು ಉದ್ರಿಯ ವೇಷ ಬದಲಾಗಿದೆ. ‘ಈಗ ಕೊಳ್ಳಿರಿ, ಆಮೇಲೆ ಕೊಡಿರಿ’ ಎಂಬ ಆಹ್ವಾನವು ಫೋನಿನಲ್ಲಿಯೇ ಬರುತ್ತದೆ. ಕೆಲವೇ ನಿಮಿಷಗಳಲ್ಲಿ ಸಾಲವನ್ನೂ ಕೊಡುತ್ತದೆ. ಹಣವಿಟ್ಟು ಆಡುವ ಆಟಗಳ ಹಾವಳಿಯಂತೂ ಎಷ್ಟು ಬೆಳೆಯಿತೆಂದರೆ, ಅವುಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರಲ್ಲಿ ಅಂಗೀಕರಿಸಬೇಕಾಯಿತು. ಕಾಯಿದೆಯು ಹೊರಗಿನ ಬೇಲಿ. ಒಳಗಿನ ಬೇಲಿಯನ್ನು ಮನೆಯೇ ಹಾಕಬೇಕು. ಅಂಗಡಿಯ ಉದ್ರಿ ಪುಸ್ತಕದಲ್ಲಿ ತಮ್ಮ ಮನೆಯ ಹೆಸರಿನ ಕೆಳಗೆ ಬೆಳೆಯುವ ಸಾಲುಗಳನ್ನು ಬಾಲ್ಯದಲ್ಲಿಯೇ ಕಂಡವರು ಕಾಣದ ಸಾಲಕ್ಕೂ ಹೆದರುತ್ತಾರೆ.

ಫೋನಿನಿಂದ ಹಣ ಕೊಡುವುದನ್ನು ಬಿಡಿರೆಂದು ನಾವು ಹೇಳುವುದಿಲ್ಲ. ಕೊಟ್ಟ ಹಣವು ಮಗುವಿಗೆ ಕಾಣುವಂತೆ ಮಾಡಿರಿ. ರಾತ್ರಿ ಊಟವಾದ ಮೇಲೆ ಐದು ನಿಮಿಷ, ಆ ದಿನ ಫೋನಿನಿಂದ ಹೋದ ಹಣವನ್ನು ಮಗುವಿನ ಕೈಯಿಂದ ಒಂದು ನೋಟುಪುಸ್ತಕದಲ್ಲಿ ಬರೆಯಿಸಿರಿ. ಉಳಿಕೆಯನ್ನು ಕಳೆಯುವ ಲೆಕ್ಕವೂ ಅದರದೇ ಆಗಲಿ. ಹತ್ತು ವರ್ಷ ತುಂಬಿದ ಮಕ್ಕಳು ತಾವೇ ಉಳಿತಾಯ ಖಾತೆಯನ್ನು ತೆರೆದು ನಡೆಸಲು ರಿಸರ್ವ್ ಬ್ಯಾಂಕು 2014ರಲ್ಲಿ ಅವಕಾಶ ಕಲ್ಪಿಸಿತು. 2025ರ ಪರಿಷ್ಕೃತ ಸೂಚನೆಗಳಲ್ಲಿಯೂ ಆ ಅವಕಾಶವಿದೆ. ಮಿತಿಗಳನ್ನು ಆಯಾ ಬ್ಯಾಂಕು ನಿರ್ಧರಿಸುತ್ತದೆ. ಮಣ್ಣಿನ ಹುಂಡಿ ತುಂಬಿದ ದಿನ ಅದನ್ನು ಒಡೆದು, ಮಗುವನ್ನೇ ಬ್ಯಾಂಕಿಗೆ ಕರೆದೊಯ್ದು ಕಟ್ಟಿಸುವುದು ಒಂದು ಒಳ್ಳೆಯ ಹಬ್ಬವಾಗಬಲ್ಲದು.

ಮಕ್ಕಳ ಕೈಯಲ್ಲಿರುವ ಹಣದಲ್ಲಿ ಒಂದು ಪಾಲು ಕೊಡುವುದಕ್ಕಾಗಿ ಮೀಸಲಾಗಿರಲಿ. ಹುಂಡಿಗೆ ಹಾಕೆಂದು ತಂದೆ ಕೊಟ್ಟ ಹತ್ತು ರೂಪಾಯಿಯನ್ನು ಹಾಕುವ ಮಗು ತಂದೆಯ ಕೆಲಸವನ್ನು ಮಾಡುತ್ತದೆಯೇ ಹೊರತು ದಾಸೋಹವನ್ನು ಮಾಡುವುದಿಲ್ಲ. ತನಗೆ ಬೇಕಾದದ್ದೊಂದನ್ನು ಬಿಟ್ಟು ಕೊಟ್ಟ ಎರಡು ರೂಪಾಯಿಯಲ್ಲಿ ದಾಸೋಹವಿದೆ. ಇನ್ನೊಂದು ಮಾತು: ನೀರು ತಂದದ್ದಕ್ಕೆ ಐದು, ಅಂಗಳ ಗುಡಿಸಿದ್ದಕ್ಕೆ ಹತ್ತು ಎಂದು ಮನೆಗೆಲಸಕ್ಕೆ ಮಕ್ಕಳಿಗೆ ಕೂಲಿ ಕೊಡುವ ಪದ್ಧತಿ ಕೆಲವು ಮನೆಗಳಲ್ಲಿ ಕಾಣುತ್ತಿದೆ. ಅದು ನಮಗೆ ಸಮ್ಮತವಲ್ಲ. ತಾಯಿಯ ಅಡುಗೆಗೆ ಯಾರೂ ಕೂಲಿ ಕೊಟ್ಟಿಲ್ಲ. ಮಗುವಿನ ಪಾಲಿನ ಕೆಲಸವೂ ಹಾಗೆಯೇ ನಡೆಯಲಿ. ಹಣದಿಂದ ಅಳೆಯಬಾರದವುಗಳೂ ಇವೆಯೆಂದು ತಿಳಿಸದಿದ್ದರೆ ಹಣದ ಶಿಕ್ಷಣ ಅರ್ಧವಾಗುತ್ತದೆ.

ಬಡವರ ಮಕ್ಕಳಿಗೆ ಈ ಉಪದೇಶ ಅನಾವಶ್ಯಕವೆನಿಸೀತು. ಐದು ರೂಪಾಯಿಯ ಎಣ್ಣೆ, ಎರಡು ರೂಪಾಯಿಯ ಚಹಾಪುಡಿ ತರಲು ಓಡುವ ಮಗುವಿಗೆ ಬೆಲೆಗಳು ಬಾಯಿಪಾಠವಾಗಿರುತ್ತವೆ. ಆ ಮಗುವಿಗೆ ಕೊರತೆಯಿರುವುದು ಹಣದ ಅರಿವಿನಲ್ಲಲ್ಲ, ಹಣದಲ್ಲಿ. ಪ್ರಸಾದನಿಲಯಗಳಿಂದ ಹೊರಬಂದ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಅಂಥ ಮನೆಗಳಿಂದಲೇ ಬಂದವರು. ಇಂದು ಅವರು ನೆಮ್ಮದಿಯಾಗಿದ್ದಾರೆ. ತಾವು ಪಟ್ಟ ಕಷ್ಟ ಮಕ್ಕಳಿಗೆ ಬೇಡವೆಂದು ಕೇಳಿದ್ದನ್ನೆಲ್ಲ ತಂದು ಸುರಿಯುತ್ತಿದ್ದಾರೆ. ಅವರ ಪ್ರೀತಿ ನಮಗೆ ಅರ್ಥವಾಗುತ್ತದೆ. ಆದರೆ ಕಷ್ಟವನ್ನು ತಪ್ಪಿಸುವ ಭರದಲ್ಲಿ, ಆ ಕಷ್ಟವು ಕಲಿಸಿದ್ದನ್ನೂ ತಪ್ಪಿಸಬಾರದು.

ಕಡೆಯದಾಗಿ, ಕಳುಹಿಸಿದ ಮಗು ತಪ್ಪುಮಾಡಿಯೇ ಮಾಡುತ್ತದೆ. ಕೊಳೆತ ಟೊಮೆಟೊ ತರುತ್ತದೆ, ಚಿಲ್ಲರೆ ಬಿಟ್ಟು ಬರುತ್ತದೆ, ಒಮ್ಮೆ ಸುಳ್ಳನ್ನೂ ಹೇಳೀತು. ಆಗ ‘ನಿನ್ನ ಕೈಯಲ್ಲಿ ಆಗೋದಿಲ್ಲ’ ಎಂದು ಹಣವನ್ನು ಕಸಿದುಕೊಂಡರೆ ಪಾಠ ಅಲ್ಲಿಗೇ ಮುಗಿಯುತ್ತದೆ. ಹತ್ತು ವರ್ಷದಲ್ಲಿ ಇಪ್ಪತ್ತು ರೂಪಾಯಿಯ ತಪ್ಪಿನಿಂದ ಕಲಿಯಬಹುದಾದದ್ದನ್ನು ಮೂವತ್ತನೆಯ ವಯಸ್ಸಿನಲ್ಲಿ ಕಲಿಯಲು ಮನೆಯನ್ನೇ ಮಾರಬೇಕಾಗಬಹುದು. ತಪ್ಪನ್ನು ಬರೆಯಿಸಿರಿ, ಸರಿಯಾದದ್ದನ್ನು ಅದರ ಕೆಳಗೆ ಬರೆಯಿಸಿರಿ. ಮುಂದಿನ ಸಂತೆಗೆ ಅದೇ ಮಗುವನ್ನು ಮತ್ತೆ ಕಳುಹಿಸಿರಿ. ನಮ್ಮ ಉಗ್ರಾಣದ ಆ ಹಿರಿಯರು ಲಿಂಗೈಕ್ಯರಾಗಿ ಬಹಳ ವರ್ಷಗಳಾದವು. ಎರಡನೆಯ ಬಾರಿ ಐದು ರೂಪಾಯಿ ಕೊಡುವಾಗ ಅವರು ಹೇಳಿದ್ದು ಒಂದೇ ಮಾತು: ‘ಹೋಗಿ ಬಾ ಮರಿ, ಶುಂಠಿ ಎಳೆಯದು ನೋಡಿ ತಾ.’ ಅಂಥ ನಂಬಿಕೆಯು ನಮ್ಮ ಭಕ್ತರ ಮನೆಮನೆಗಳಲ್ಲಿಯೂ ಮಕ್ಕಳಿಗೆ ದೊರೆಯಲಿ ಎಂದು ಹಾರೈಸುತ್ತೇವೆ.